ಸಿರುಗುಪ್ಪದಿಂದ ಬಾರದ ದನಿ

ನಾನು ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋದದ್ದು ಒಂದು ಫೋನ್ ಮಾಡುವುದನ್ನು ತಪ್ಪಿಸಿಕೊಳ್ಳಲು. ಹೇಳಿದರೆ ಜನ ನಗುತ್ತಾರೆ. ನಗಲಿ. ನನಗೆ ಚಿಕ್ಕಂದಿನಿಂದ ಉಗ್ಗು. ಬಳ್ಳಾರಿಯಲ್ಲೇ ಹುಟ್ಟಿ ಬೆಳೆದವಳಿಗೆ ಬಳ್ಳಾರಿ ಎಂಬ ಹೆಸರೇ ಬಾಯಿಗೆ ಬಾರದು. ‘ಬ’ ಬರುವಲ್ಲಿ ಎರಡು ತುಟಿಗಳೂ ಅಂಟಿಕೊಂಡು ಕೂತುಬಿಡುತ್ತವೆ. ಎದುರಿಗಿದ್ದವರಾದರೆ ನನ್ನ ಮುಖ ನೋಡಿ ಸ್ವಲ್ಪ ತಡೆಯುತ್ತಾರೆ, ಇಲ್ಲವೇ ತಾವೇ ಮಾತು ಮುಗಿಸಿಕೊಡುತ್ತಾರೆ. ಫೋನಿನಲ್ಲಿ ಆ ಅನುಕೂಲವಿಲ್ಲ. ಅತ್ತಲಿನವರು “ಹಲೋ, ಹಲೋ, ಕೇಳಿಸವಲ್ದು” ಎಂದು ಇಟ್ಟೇಬಿಡುತ್ತಾರೆ.

ಓದು ಮುಗಿದ ಮೇಲೆ ಮಾತು ಬೇಡದ ಕೆಲಸ ಯಾವುದು ಎಂದು ಹುಡುಕಿ ಈ ಕೆಲಸಕ್ಕೆ ಬಂದೆ. ನಮ್ಮ ಆಫೀಸು ಬ್ರೂಸ್‌ಪೇಟೆಯ ಓಣಿಯೊಂದರಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಕೆಳಗೆ ಯಾರಾದರೂ ಕೊಡ ಬಡಿದು ನೋಡಿದರೆ ನಮ್ಮ ಮೇಜಿನವರೆಗೂ ಸದ್ದು ಬರುತ್ತದೆ. ಇರುವವರು ಐದಾರು ಜನ. ಜೀನ್ಸ್ ಹೊಲಿಯುವವರಿಗೆ ಪ್ರೋಗ್ರಾಂ ಬರೆದುಕೊಡುವುದೇ ಹೆಚ್ಚು. ಹೊಸ ಪ್ಯಾಂಟಿನ ಮಾದರಿ, ಅದರ ಜೇಬಿನ ಹೊಲಿಗೆ, ಬಣ್ಣ ತೊಳೆದ ಮೇಲೆ ಹೇಗೆ ಕಾಣುತ್ತದೆ, ಎಲ್ಲದರ ಫೋಟೋಗಳೂ ದೂರದ ಬಾಡಿಗೆ ಕಂಪ್ಯೂಟರುಗಳಲ್ಲಿ, ಎಂದರೆ ಕ್ಲೌಡ್‌ನಲ್ಲಿ ಇರುತ್ತವೆ. ಫೋನಿನ ಪರದೆಯಲ್ಲಿ ಕಾಣುವುದನ್ನು ಬೇರೆಯವರು ಮಾಡುತ್ತಾರೆ. ಅದರ ಹಿಂದೆ ಸರ್ವರಿನಲ್ಲಿ ಕೂತು ಕೆಲಸ ಮಾಡುವ ಪ್ರೋಗ್ರಾಂ ನನ್ನದು. ಕ್ಲೌಡ್‌ನಲ್ಲಿ ಫೈಲುಗಳನ್ನಿಡುವ ಜಾಗದ ಕೀಲಿ ಸರ್ವರಿನ ಹತ್ತಿರ ಮಾತ್ರ ಇರುತ್ತದೆ. ಯಾರಾದರೂ ಫೋಟೋ ಬೇಕೆಂದರೆ ಸರ್ವರು ಅವರು ಯಾರೆಂದು ನೋಡಿ, ಆ ಒಂದು ಫೋಟೋಗಷ್ಟೇ, ಕೆಲವೇ ನಿಮಿಷ ನಡೆಯುವ ಒಂದು ಲಿಂಕ್ ಕೊಡುತ್ತದೆ. ಫೈಲು ಕಳಿಸಬೇಕೆನ್ನುವವರಿಗೂ ಹಾಗೆಯೇ ಒಂದು ಲಿಂಕು. ಸಮಯ ಮೀರಿದರೆ ಬಾಗಿಲು ಮುಚ್ಚುತ್ತದೆ.

ಆ ಜಾಗಕ್ಕೆ ನಮ್ಮ ಕೆಲಸದವರು ‘ಬಕೆಟ್’ ಎನ್ನುತ್ತಾರೆ. ಒಮ್ಮೆ ಮನೆಯಲ್ಲಿ ಅಮ್ಮ, “ಇವತ್ತು ಯಾಕಮ್ಮಾ ಲೇಟು?” ಎಂದಾಗ, ಬಕೆಟ್ ತೆರೆಯಲಿಲ್ಲ ಎಂದು ಹೇಳಲು ಹೋಗಿ ಆ ಹಾಳು ‘ಬ’ದಲ್ಲಿ ಸಿಕ್ಕಿಕೊಂಡೆ. ಅಮ್ಮ ಎಂದಿನಂತೆ ಸಹಾಯಕ್ಕೆ ಬಂದು, “ಬಸ್ಸು ಬರ್ಲಿಲ್ಲೇನು?” ಎಂದಳು. ಹೂಂ ಎಂದು ಊಟಕ್ಕೆ ಕೂತೆ. ನನ್ನ ಅರ್ಧ ಬದುಕು ಹೀಗೆ ಬೇರೆಯವರು ಮುಗಿಸಿಕೊಟ್ಟ ಮಾತುಗಳಲ್ಲೇ ಕಳೆದಿದೆ.

ಈಗ ನಾನು ಅಕ್ಕ ಎಂದು ಕರೆಯುವ ಸ್ಪೀಚ್ ಥೆರಪಿಸ್ಟ್ ನಮ್ಮ ಮಹಡಿ ಹತ್ತಿ ಬಂದದ್ದು ಒಂದು ಮಧ್ಯಾಹ್ನ. ಐವತ್ತರ ಆಸುಪಾಸಿನ ಹೆಂಗಸು. ಹೆಗಲಲ್ಲಿ ದೊಡ್ಡ ಚೀಲ. ಅದರಿಂದ ಒಂದು ಗಿಲಕಿ, ತಮಟೆಯಂಥ ಆಟದ ಸಾಮಾನು, ಬಣ್ಣದ ಬಳೆಗಳು ಇಣುಕುತ್ತಿದ್ದವು. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವುದು ಅವರ ಕೆಲಸ. ಬಳ್ಳಾರಿಯಲ್ಲಿ ಕ್ಲಿನಿಕ್ ಇತ್ತು. ವಾರಕ್ಕೊಮ್ಮೆ ಸಿರುಗುಪ್ಪಕ್ಕೆ, ಇನ್ನೊಮ್ಮೆ ಕುರುಗೋಡಿಗೆ ಹೋಗಿ ಕ್ಯಾಂಪ್ ಮಾಡಿ ಅಲ್ಲಿನ ಮಕ್ಕಳನ್ನು ನೋಡುತ್ತಿದ್ದರು. ನಮ್ಮ ಯಜಮಾನರ ಮುಂದೆ ಕೂತು ಬಂದ ಕಾರಣ ಹೇಳಿದರು.

“ಕಿವಿಗೆ ಮಿಷನ್ ಹಾಕಿದ್ ಕೂಡ್ಲೆ ಮಾತು ಬರಂಗಿಲ್ರಿ. ದಿನಾ ಮನ್ಯಾಗ ತಾಯಿ ಕೂಡ್ಸಿಕೊಂಡು ಮಾತಾಡಸ್ಬೇಕು. ಮಾಡಿದ್ದು ಸರಿನೋ ಇಲ್ಲೋ ಅಂತ ನನಗ ರೆಕಾರ್ಡ್ ಮಾಡಿ ಕಳಸ್ತಾರ. ಎಲ್ಲ ನನ್ನ ಫೋನಿಗೇ ಬರ್ತಾವು. ಯಾವುದು ಯಾವ ಕೂಸಿಂದು ತಿಳಿಯಂಗಿಲ್ಲ, ಫೋನ್ ತುಂಬಿ ಹೊಂಟೈತಿ. ಹೋದ ತಿಂಗ್ಳು ಹೆಂಗ ಮಾತಾಡ್ತಿತ್ತು, ಈ ತಿಂಗ್ಳು ಹೆಂಗ ಅಂತ ಜೋಡಿಸಿ ಕೇಳಬೇಕು ನಾನು.”

ಯಜಮಾನರು ನನ್ನತ್ತ ಕೈ ತೋರಿಸಿ, “ಇದು ಈಕಿ ಕೆಲಸ ರೀ” ಎಂದರು.

ನಾನು ಒಂದು ಪ್ರಶ್ನೆ ಕೇಳಬೇಕಿತ್ತು: ಒಂದು ಮಗುವಿನ ದನಿಯನ್ನು ಬೇರೆ ತಾಯಂದಿರು ಕೇಳಬಹುದೇ, ಅಥವಾ ಅಕ್ಕ ಮಾತ್ರವೇ? ‘ಬೇರೆ’ ಎನ್ನುವಲ್ಲಿ ನಿಂತೆ. ಯಜಮಾನರು ಬಾಯಿ ತೆರೆದರು. ಅಕ್ಕ ಅವರತ್ತ ಅಂಗೈ ಎತ್ತಿದರು, ಬಸ್ಸು ನಿಲ್ಲಿಸುವವರ ಹಾಗೆ. ಆಮೇಲೆ ನನ್ನ ಮುಖ ನೋಡುತ್ತ ಸುಮ್ಮನೆ ಕೂತರು. ಕನಿಕರವಿಲ್ಲ, ಅವಸರವಿಲ್ಲ. ಕೆಳಗೆ ಪಾತ್ರೆಗಳ ಸದ್ದು ನಡೆದೇ ಇತ್ತು. ಕೊನೆಗೆ ನನ್ನ ಪ್ರಶ್ನೆ ಹೊರಬಿತ್ತು. “ನಾನು ಮತ್ತ ಆ ಮಗುವಿನ ಮನಿಯವ್ರು ಅಷ್ಟ. ಚಲೋ ಪ್ರಶ್ನೆ ಕೇಳಿದಿ” ಎಂದರು. ಉಗ್ಗಿನ ಮಾತೇ ಬರಲಿಲ್ಲ. ಅವರು ಹೊರಟ ಮೇಲೆ ನಾನು ಅವರ ಕೆಲಸವನ್ನು ಉಳಿದೆಲ್ಲ ಕೆಲಸಗಳಿಗಿಂತ ಮೊದಲು ಕೈಗೆತ್ತಿಕೊಂಡೆ.

ಒಂದೊಂದು ಮಗುವಿಗೂ ಕ್ಲೌಡ್‌ನಲ್ಲಿ ಒಂದೊಂದು ಜಾಗ ಮಾಡಿದೆ. ತಾಯಿ ಫೋನಿನಲ್ಲಿ ಕೆಂಪು ಗುಂಡಿ ಒತ್ತಿದರೆ ಸರ್ವರು ಆ ಮನೆಗೊಂದು ಲಿಂಕ್ ಕೊಡುವುದು. ರೆಕಾರ್ಡಾದ ದನಿ ಆ ಲಿಂಕಿನ ಮೂಲಕ ತನ್ನ ಜಾಗ ಸೇರುವುದು. ಅಕ್ಕ ಕೇಳಿ, ತಮ್ಮ ಉತ್ತರವನ್ನೂ ದನಿಯಲ್ಲೇ ಕಳಿಸುವುದು. ಬರೆದಾದ ಮೇಲೆ ಪರೀಕ್ಷೆ ಮಾಡಲು ದನಿಯ ಫೈಲುಗಳು ಬೇಕಾದವು. ಮಕ್ಕಳ ದನಿ ಬಳಸಲು ಮನಸ್ಸಾಗಲಿಲ್ಲ. ಆಫೀಸಿನಲ್ಲಿ ಯಾರೂ ಇಲ್ಲದ ಊಟದ ಹೊತ್ತಿನಲ್ಲಿ ನನ್ನದೇ ದನಿ ರೆಕಾರ್ಡ್ ಮಾಡಿ ಕಳಿಸಿದೆ. ಕಿಟಕಿಯಿಂದ ಕಂಡದ್ದನ್ನೆಲ್ಲ ಹೇಳಿದೆ. ಬೆಟ್ಟ, ಕೋಟೆ, ಗೋಡೆ, ಮೋಡ. ಬೆಟ್ಟ ಎನ್ನುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಅಕ್ಕನಿಗೆ ನೋಡಲು ಕೊಟ್ಟ ಪರದೆಯಲ್ಲಿ ಆ ಪರೀಕ್ಷೆಯ ಫೈಲುಗಳೂ ಕಾಣುತ್ತವೆಂಬುದು ನನಗೆ ಹೊಳೆದಿರಲಿಲ್ಲ. ಮರುದಿನ ನನ್ನ ಹೆಸರಿಗೆ ಒಂದು ಉತ್ತರ ಬಂದಿತ್ತು. ಇಯರ್‌ಫೋನ್ ಹಾಕಿಕೊಂಡು ಕೇಳಿದೆ.

“ಬೆಟ್ಟ ಚಲೋ ಬಂತಮ್ಮ. ಮೊದ್ಲ ಸಲ ನೂಕಿದಿ. ಎರಡನೇ ಸಲ ನೂಕಲಿಲ್ಲ, ಸುಮ್ನ ನಿಂತಿ, ಆಮ್ಯಾಲೆ ತಾನ ಬಂತು. ನಾಳೆ ಮತ್ತ ಕಳಸು.”

ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದ್ದರು. ನಾನು ಕುರ್ಚಿಯಲ್ಲಿ ತಿರುಗಿ ಗೋಡೆಯ ಕಡೆ ಮುಖ ಮಾಡಿ ಕೂತೆ, ಯಾರೂ ನೋಡಬಾರದೆಂದು. ಪರೀಕ್ಷೆ ಮುಗಿದ ಮೇಲೂ ದಿನ ಬಿಟ್ಟು ದಿನ ಒಂದೊಂದು ಫೈಲು ಕಳಿಸುತ್ತಿದ್ದೆ. ಅದು ಕೆಲಸಕ್ಕೆ ಬೇಕಾದ ಫೈಲೋ ಬೇಡದ ಫೈಲೋ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಲಸ ಚೆನ್ನಾಗಿಯೇ ನಡೆಯಿತು. ಕುರುಗೋಡಿನಿಂದ, ಸಿರುಗುಪ್ಪದಿಂದ ಸಂಜೆ ಹೊತ್ತಿಗೆ ದನಿಗಳು ಬಂದು ಸೇರುತ್ತಿದ್ದವು. ನಾನು ಅವನ್ನು ಕೇಳುತ್ತಿರಲಿಲ್ಲ. ಬಂತೋ ಇಲ್ಲವೋ, ಎಷ್ಟು ದೊಡ್ಡದು, ಇಷ್ಟೇ ನನಗೆ ಕಾಣುವುದು. ಸುಗ್ಗಿ ಕಳೆದ ಹೊತ್ತಿಗೆ ಒಂದು ದಿನ ಅಕ್ಕ ಬಂದು ನನ್ನ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಮುಖ ಸಪ್ಪಗಿತ್ತು.

“ಸಿರುಗುಪ್ಪದಾಗ ಒಂದು ಹುಡುಗಿ ಐತಿ. ರೈಸ್ ಮಿಲ್ ಓಣಿದು. ಆರು ವರ್ಷ. ಭಾಳ ಹುರುಪು ಆಕಿಗೆ. ಈಗ ವಾರಗಟ್ಲೆ ಆತು, ದನಿ ಇಲ್ಲ. ಕ್ಯಾಂಪಿಗೂ ಕರಕೊಂಡು ಬರ್ಲಿಲ್ಲ. ಫೋನ್ ಮಾಡಿದೆ. ಅವರಮ್ಮ ‘ಬರ್ತೀವ್ರಿ’ ಅಂದ್ಳು. ಅಷ್ಟ, ಬರ್ಲಿಲ್ಲ. ಕೈ ಬಿಟ್ರು ಅನಸ್ತತಿ. ಕೆಲವ್ರು ಹಂಗ ಬಿಟ್ಟುಬಿಡ್ತಾರ. ತಪ್ಪು ಅಂತ ಹೇಳಾಕ ಬರಂಗಿಲ್ಲ, ದಿನಾ ಮಾಡೋದು ಸುಲಭ ಅಲ್ಲ.”

ಅವರು ಹೋದ ಮೇಲೆ ಸರ್ವರಿನ ದಾಖಲೆ ತೆರೆದೆ. ಯಾವ ಫೋನು ಯಾವಾಗ ಏನು ಕೇಳಿತು, ಸರ್ವರು ಏನು ಹೇಳಿತು ಎಂಬುದೆಲ್ಲ ಅಲ್ಲಿ ಸಾಲುಸಾಲಾಗಿ ಇರುತ್ತದೆ. ಆ ಮನೆಯವರು ಕೈ ಬಿಟ್ಟಿರಲಿಲ್ಲ. ಪ್ರತಿ ಸಂಜೆ ಲಿಂಕ್ ಕೇಳಿದ್ದರು, ಪ್ರತಿ ಸಂಜೆ ಸಿಕ್ಕಿತ್ತು, ಪ್ರತಿ ಸಂಜೆ ಕ್ಲೌಡು ಅವರ ಫೈಲನ್ನು ಒಳಗೆ ಬಿಟ್ಟುಕೊಳ್ಳದೆ ತಿರುಗಿಸಿ ಕಳಿಸಿತ್ತು. ಲಿಂಕಿನ ಸಮಯ ಮೀರಿತ್ತು. ಎರಡು ವಾರ ಹೀಗೆ ನಡೆದು, ಆಮೇಲೆ ಸಾಲುಗಳು ನಿಂತುಹೋಗಿದ್ದವು.

ಯಾಕೆ ಮೀರಿತು ಎಂದು ಮಾತ್ರ ತಿಳಿಯಲಿಲ್ಲ. ಯಜಮಾನರಿಗೆ ತೋರಿಸಿದೆ.

“ಲಿಂಕಿನ ಟೈಮು ಒಂದು ದಿನ ಮಾಡಿಬಿಡು, ಮುಗೀತು” ಎಂದರು.

ಬೇಡವೆಂದೆ. ಲಿಂಕು ಯಾರ ಕೈಗೆ ಸಿಕ್ಕರೂ ತೆರೆಯುತ್ತದೆ. ಮಕ್ಕಳಿಗೆ ಸಂಬಂಧಪಟ್ಟ ಬಾಗಿಲನ್ನು ದಿನವಿಡೀ ತೆರೆದಿಡುವುದು ನನಗೆ ಸರಿ ಕಾಣಲಿಲ್ಲ. ಮೊದಲು ಆ ಮನೆಯಲ್ಲಿ ಏನಾಗುತ್ತಿದೆ ಎಂದು ತಿಳಿಯಬೇಕು.

“ಹಂಗಾರ ಒಂದು ಫೋನ್ ಮಾಡಿ ಕೇಳು” ಎಂದರು.

ನಂಬರು ನನ್ನ ಮುಂದೆಯೇ ಇತ್ತು. ಅಕ್ಕನಿಗೆ ಹೇಳಿ ಮಾಡಿಸಬಹುದಿತ್ತು. ಆದರೆ ಒಮ್ಮೆ ಮಾಡಿ ಸೋತಿದ್ದ ಅವರ ಮುಖ ಕಣ್ಣ ಮುಂದೆ ಬಂತು. ಮರುದಿನ ರಜೆ ಹಾಕಿ ಬಸ್ ನಿಲ್ದಾಣಕ್ಕೆ ಹೋದೆ.

ಈಗ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಆದರೆ ಊರಿನ ಹೆಸರನ್ನಂತೂ ಹೇಳಲೇಬೇಕು. ಸಿರುಗುಪ್ಪ ಎನ್ನುವುದಕ್ಕೆ ನನಗೇನೂ ಕಷ್ಟವಿಲ್ಲ, ನೀರು ಕುಡಿದ ಹಾಗೆ ಬರುತ್ತದೆ. ಕಿಟಕಿಯ ಪಕ್ಕ ಕೂತೆ. ಕುರುಗೋಡಿಗೆ ತಿರುಗುವ ದಾರಿ ಹಿಂದೆ ಬಿತ್ತು, ತೆಕ್ಕಲಕೋಟೆಯ ಬಂಡೆಗಳು ಬಂದು ಹೋದವು. ಆಮೇಲೆ ಕಾಲುವೆ ನೀರಿನ ನಾಡು. ಕೊಯ್ದ ಭತ್ತದ ಗದ್ದೆಗಳು, ರಸ್ತೆಯ ಅಂಚಿನಲ್ಲೇ ಒಣಹಾಕಿದ ಕಾಳು, ಚೀಲ ಹೇರಿದ ಟ್ರಾಕ್ಟರುಗಳ ಸಾಲು.

ರೈಸ್ ಮಿಲ್ ಓಣಿ ಎಂದರೆ ಯಾರಾದರೂ ತೋರಿಸುತ್ತಾರೆ. ತೋರಿಸದಿದ್ದರೂ ಸದ್ದು ಕೇಳಿಯೇ ಹೋಗಬಹುದಿತ್ತು. ಮಿಲ್ಲು ಗುಡುಗುಡು ಎನ್ನುತ್ತಿತ್ತು, ಗಾಳಿಯಲ್ಲಿ ತೌಡಿನ ವಾಸನೆ, ಗೋಡೆಗಳ ಮೇಲೆ, ಎಲೆಗಳ ಮೇಲೆ ಸಣ್ಣ ಹೊಟ್ಟಿನ ಪುಡಿ. ಎರಡು ಕೋಣೆಯ ಮನೆಯೊಂದರ ಬಾಗಿಲಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಒಬ್ಬ ಹೆಂಗಸು ಕೂತಿದ್ದಳು. ಅವಳ ಹಿಂದೆ, ಕಿವಿಗಳಿಗೆ ಮಿಷನ್ ಹಾಕಿಕೊಂಡಿದ್ದ ಒಂದು ಹುಡುಗಿ ಬಟ್ಟೆ ಚೂರುಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿತ್ತು.

ಯಾರು ಎಂದು ಹೇಳಿಕೊಳ್ಳಬೇಕಲ್ಲ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಬಂದಿದ್ದೆ. “ನಾನು ಬ... ಬ...” ಎಂದು ಬಳ್ಳಾರಿಯಲ್ಲೇ ನಿಂತೆ. ಹೆಂಗಸು ಗಾಬರಿಯಾಗಿ ಎದ್ದಳು. ನೀರು ತರಲೇನೋ ಒಳಗೆ ಹೊರಟಳು. ಹುಡುಗಿ ಮಾತ್ರ ಬಟ್ಟೆ ಚೂರು ಬಿಟ್ಟು ನನ್ನ ಹತ್ತಿರ ಬಂದು ತಲೆ ಎತ್ತಿ ನನ್ನ ತುಟಿಗಳನ್ನೇ ನೋಡಿತು. ತುಟಿ ನೋಡುವುದು ಅದರ ರೂಢಿ. ತುಟಿ ಅಲ್ಲಾಡದೆ ನಿಂತಿರುವುದನ್ನು ನೋಡಿ ಅದಕ್ಕೆ ಏನು ಅನ್ನಿಸಿತೋ, ತನ್ನ ಅಂಗೈಯನ್ನು ನನ್ನ ಕೈಯ ಮೇಲಿಟ್ಟು, ಒಂದು, ಇನ್ನೊಂದು ಎಂದು ಮೆಲ್ಲಗೆ ತಟ್ಟತೊಡಗಿತು. ಮಾತು ತಡೆದಾಗ ಅಕ್ಕ ಅದಕ್ಕೆ ಹಾಗೆ ತಾಳ ಹಾಕುತ್ತಿದ್ದರಂತೆ. ಅದನ್ನು ಅವರಮ್ಮ ಆಮೇಲೆ ಹೇಳಿದಳು. ಆ ತಾಳಕ್ಕೆ ನನ್ನ ತುಟಿ ಬಿಟ್ಟಿತು.

“ಬಳ್ಳಾರಿಯಿಂದ ಬಂದೆ” ಎಂದೆ. “ಮಾತು ಕಲಿಸೋ ಅಕ್ಕನ ಕಡಿಯಿಂದ. ಫೋನಿನ ಆ ಪ್ರೋಗ್ರಾಂ ಮಾಡಿದೋಳು ನಾನೇ.”

ತಾಯಿಯ ಮುಖ ಬಿಗಿದುಕೊಂಡಿತು. “ಒಳಗ ಬರ್ರಿ, ಕುಂದ್ರಿ” ಎಂದು ಚಾಪೆ ಹಾಸಿದಳು, ನೀರು ಕೊಟ್ಟಳು. ಮರ್ಯಾದೆಗೆ ಏನೂ ಕಡಿಮೆಯಿರಲಿಲ್ಲ. ಆದರೆ ನನ್ನ ಮುಖ ನೋಡುತ್ತಿರಲಿಲ್ಲ. ದನಿ ಯಾಕೆ ಬರುತ್ತಿಲ್ಲ ಎಂದು ಕೇಳಿದಾಗ ಫೋನು ತಂದು ನನ್ನ ಕೈಗೆ ಕೊಟ್ಟಳು.

“ನೀವ ನೋಡ್ರಿ. ದಿನಾ ಕಳಸಿದ್ವಿ. ದಿನಾ ಅದ ಬಂತು. ‘ಅನುಮತಿ ಇಲ್ಲ’ ಅಂತ. ನನಗ ಓದಾಕ ಅಷ್ಟು ಬರಂಗಿಲ್ಲ, ನಮ್ಮನಿಯವ್ರು ಓದಿ ಹೇಳಿದ್ರು. ಅಕ್ಕಾರು ನಮಗ ಬ್ಯಾಡ ಅಂದಾರ ಅಂತ ತಿಳ್ಕೊಂಡ್ವಿ.”

“ಅವ್ರು ಹಂಗ ಯಾಕ ಅಂತಾರ್ರಿ?” ಎಂದೆ.

“ಈಕಿಗೆ ‘ಸ’ ಬರಂಗಿಲ್ರಿ ಇನ್ನೂ. ಎಷ್ಟ್ ಮಾಡಿದ್ರೂ ‘ತ’ ಅಂತಾಳ. ಉಳಿದ ಮಕ್ಳು ಚಂದ ಮಾತಾಡ್ತಿರಬೇಕು, ನಮ್ಮದು ಹಿಂದ ಬಿತ್ತು, ಅದಕ ನಮ್ಮನ್ನ ಬಿಟ್ರು ಅಂತ...” ಮಗಳು ತನ್ನ ಮುಖ ನೋಡುತ್ತಿರುವುದನ್ನು ಕಂಡು ಕಣ್ಣೊರೆಸಿಕೊಳ್ಳದೆ ಸುಮ್ಮನೆ ನಕ್ಕಳು. “ಫೋನ್ ಮಾಡಿದಾಗ ಅಕ್ಕಾರು ಬರ್ರಿ ಅಂದ್ರು ಖರೆ. ಬಾಯಿ ಮಾತಿಗೆ ಅಂದಿರ್ಬೇಕು ಅಂದ್ಕೊಂಡೆ.”

‘ಅನುಮತಿ ಇಲ್ಲ’ ಎಂಬುದು ಕ್ಲೌಡಿನ ಮಾತು. ಲಿಂಕಿನ ಸಮಯ ಮೀರಿದರೆ ಅದು ಯಾರಿಗಾದರೂ ಅದನ್ನೇ ಹೇಳುತ್ತದೆ. ನಮ್ಮ ಜೀನ್ಸ್ ಕಾರ್ಖಾನೆಯವರು ಆ ಮಾತು ಕಂಡರೆ ಇನ್ನೊಮ್ಮೆ ಗುಂಡಿ ಒತ್ತುತ್ತಾರೆ, ಅಷ್ಟೇ. ಅದು ಮನುಷ್ಯರ ಮಾತಿನ ಹಾಗೆ ಒಂದು ಮನೆಯೊಳಗೆ ಹೋಗಿ ಕೂರಬಹುದು ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಅವಳಿಗೆ ಹೇಳಿದೆ. ತಡೆತಡೆದು, ನಿಂತು ನಿಂತು ಹೇಳಿದೆ. ಇದು ಅಕ್ಕ ಹೇಳಿದ್ದಲ್ಲ, ಅಕ್ಕನಿಗೆ ಗೊತ್ತೇ ಇಲ್ಲ, ನಿಮ್ಮ ದನಿಗಾಗಿ ಕಾದು ಕಾದು ಆಕೆ ನನ್ನ ಹತ್ತಿರ ಬಂದು ಸಪ್ಪಗೆ ಕೂತಿದ್ದರು ಎಂದೆ. ನಾನು ಸರಾಗವಾಗಿ ಮಾತಾಡುವವಳಾಗಿದ್ದರೆ ಅವಳು ನಂಬುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ಅಂತೂ ಅವಳ ಮುಖ ನಿಧಾನವಾಗಿ ನನ್ನ ಕಡೆ ತಿರುಗಿತು.

“ಖರೇನ?” ಎಂದಳು.

“ಖರೇನ.”

“ಅಯ್ಯೋ ದೇವ್ರೆ! ನಾನು ಅಕ್ಕಾರ ಮ್ಯಾಲೆ ಸಿಟ್ಟು ಮಾಡ್ಕೊಂಡು ಕುಂತಿದ್ನಲ್ರಿ!” ಎಂದು ಹಣೆ ಬಡಿದುಕೊಂಡು, ಆ ಗಳಿಗೆಯಲ್ಲೇ ಎದ್ದು ಅಂಗಡಿಗೆ ಹೋಗಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದಳು.

ತಿಂದಾದ ಮೇಲೆ ದಿನಾ ಹೇಗೆ ಮಾಡುತ್ತೀರೋ ಹಾಗೇ ಮಾಡಿ ತೋರಿಸಿ ಎಂದೆ. ತಾಯಿ ಮಗಳನ್ನು ಕರೆದುಕೊಂಡು ಒಳಕೋಣೆಗೆ ಹೋದಳು. ಕಿಟಕಿ ಇಲ್ಲದ ಕೋಣೆ. ಗೋಡೆಗೆ ಹಾಸಿಗೆಗಳನ್ನು ಒರಗಿಸಿದ್ದರು. ಅಲ್ಲಿ ಮಿಲ್ಲಿನ ಸದ್ದು ಅರ್ಧಕ್ಕರ್ಧ ಕಡಿಮೆ. ಮೊದಲು ಮಾಳಿಗೆಯ ಮೇಲೆ ಕೂತು ರೆಕಾರ್ಡ್ ಮಾಡುತ್ತಿದ್ದರಂತೆ. ಹೊಸ ಭತ್ತ ಬಂದು ಮಿಲ್ಲು ಎಡೆಬಿಡದೆ ಓಡತೊಡಗಿದ ಮೇಲೆ ಮೇಲೆ ಕೂತರೆ ಮಗುವಿಗೆ ಏನೂ ಕೇಳಿಸದು ಎಂದು ಇಲ್ಲಿಗೆ ಬಂದಿದ್ದರು. ತಾಯಿ ಕೆಂಪು ಗುಂಡಿ ಒತ್ತಿದಳು. ಅಕ್ಕಿ, ಹಾಲು, ಬಳೆ, ಒಂದೊಂದಾಗಿ ಕೇಳುತ್ತ ಹೋದಳು. ಹುಡುಗಿ ಒಂದೊಂದನ್ನೂ ಹೇಳುತ್ತ ಹೋಯಿತು, ತಪ್ಪಿದಲ್ಲಿ ಮತ್ತೆ ಮೊದಲಿನಿಂದ. ಮುಗಿದ ಮೇಲೆ ಫೋನು ಹಿಡಿದು ಮಾಳಿಗೆಯ ಮೆಟ್ಟಿಲು ಹತ್ತಿದರು. ಫೈಲು ಕಳಿಸುವಷ್ಟು ಸಿಗ್ನಲ್ಲು ಸಿಗುವುದು ಮೇಲೆ, ನೀರಿನ ಟ್ಯಾಂಕಿನ ಪಕ್ಕ ಮಾತ್ರ.

ಆಗ ತಿಳಿಯಿತು. ಗುಂಡಿ ಒತ್ತಿದ ಕೂಡಲೇ ಬಾಗಿಲಿನಿಂದ ಬರುತ್ತಿದ್ದ ಅಷ್ಟಿಷ್ಟು ಸಿಗ್ನಲ್ಲಿನಲ್ಲಿ ಫೋನು ಲಿಂಕನ್ನು ಕೇಳಿ ಪಡೆದಿರುತ್ತಿತ್ತು. ಮಗು ಹೇಳಿ ಮುಗಿಸಿ, ಮೆಟ್ಟಿಲು ಹತ್ತಿ, ಟ್ಯಾಂಕಿನ ಹತ್ತಿರ ನಿಂತು ಕಳಿಸುವ ಹೊತ್ತಿಗೆ ಲಿಂಕು ಸತ್ತುಹೋಗಿರುತ್ತಿತ್ತು. ಸದ್ದಿಲ್ಲದ ಕಡೆ ಸಿಗ್ನಲ್ಲಿಲ್ಲ, ಸಿಗ್ನಲ್ಲಿದ್ದ ಕಡೆ ಸದ್ದು. ಇದು ಬ್ರೂಸ್‌ಪೇಟೆಯ ಮಹಡಿಯಲ್ಲಿ ಕೂತ ಯಾರಿಗೂ ಎಷ್ಟು ಯೋಚಿಸಿದರೂ ಹೊಳೆಯುವಂಥದ್ದಲ್ಲ.

ನನ್ನ ಲ್ಯಾಪ್‌ಟಾಪ್ ತೆಗೆದು, ಆ ಹೊತ್ತಿಗೆ ಬೇಕಾದಷ್ಟು ಮಾತ್ರ, ಅವರ ಮನೆಗೆ ಹೊಸ ಲಿಂಕ್ ಒಂದನ್ನು ಕೈಯಾರೆ ಮಾಡಿಕೊಟ್ಟೆ. ಟ್ಯಾಂಕಿನ ನೆರಳಿನಲ್ಲಿ ಮೂವರೂ ಕೂತು ಪರದೆ ನೋಡುತ್ತಿದ್ದೆವು. ಫೈಲು ಹೋಗಲು ಸಮಯ ಹಿಡಿಯಿತು. ಹುಡುಗಿಗೆ ಬೇಸರವಾಗಿ ನನ್ನ ಕೈ ಎಳೆಯಿತು.

“ಊರು?” ಎಂದಿತು. ನಿನ್ನ ಊರು ಯಾವುದು ಎಂದು.

ನಾನು ತುಟಿ ಒತ್ತಿಕೊಂಡು ಕೂತೆ. ಮತ್ತೆ ತಾಳ ಹಾಕಿತು. ಬರಲಿಲ್ಲ. ಅವರಮ್ಮ ನಕ್ಕು, “ಬಳ್ಳಾರಿ ಅನ್ನು, ಪಾಪಾ” ಎಂದು ಮಗಳಿಗೆ ತುಟಿ ಕಾಣುವಂತೆ ಬಗ್ಗಿ ಹೇಳಿದಳು.

“ಬಳ್ಳಾರಿ!” ಎಂದಿತು ಅದು, ನನ್ನ ಮುಖದ ಮುಂದೆ, ತುಟಿಗಳನ್ನು ಪಟ್ಟನೆ ಬಿಡಿಸಿ, ಅಂಗಡಿಯವನು ಕೂಗುವ ಹಾಗೆ. ಅಷ್ಟು ಸಲೀಸಾಗಿ ಆ ಮಾತನ್ನು ನಾನು ಜನ್ಮದಲ್ಲಿ ಆಡಿಲ್ಲ.

“ನಿನ್ನ ಊರು?” ಎಂದೆ.

“ತಿರುಗುಪ್ಪ.”

“ಸಿರುಗುಪ್ಪ” ಎಂದೆ. ನಾಲಿಗೆ ಎಲ್ಲಿರಬೇಕು ಎಂದು ಹಲ್ಲು ತೋರಿಸಿ, ಅದರ ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿದು ಸ್ ಎಂದು ಗಾಳಿ ಬಿಟ್ಟೆ. ಕಚಗುಳಿಯಾಗಿ ಕಿಲಕಿಲ ನಕ್ಕಿತು. ತನ್ನ ಗಾಳಿಯನ್ನು ನನ್ನ ಅಂಗೈಗೆ ಬಿಟ್ಟು ನೋಡಿತು. ಗಾಳಿಯೇನೋ ಬಂತು, ‘ಸ’ ಬರಲಿಲ್ಲ. ನನಗೂ ‘ಬ’ ಬರಲಿಲ್ಲ. ಹೀಗೆ ನಾವಿಬ್ಬರೂ ಒಬ್ಬರ ಊರನ್ನು ಇನ್ನೊಬ್ಬರು ಹೇಳಿಕೊಡುತ್ತ, ಹೇಳಲಾರದೆ ನಗುತ್ತ ಕೂತಿದ್ದಾಗ ಅವರಮ್ಮ ಫೋನಿನ ಕೆಂಪು ಗುಂಡಿ ಒತ್ತಿಬಿಟ್ಟಿದ್ದಳು. ನನಗೆ ಗೊತ್ತಾದದ್ದು ಆ ಫೈಲೂ ಹೋಗಿ ಸೇರಿದ ಮೇಲೆ.

ಸಂಜೆ ನಾನು ಬಸ್ಸಿನಲ್ಲಿದ್ದಾಗ ಅಕ್ಕನ ಉತ್ತರ ಬಂತು. ಅದನ್ನು ಆ ಮನೆಗೂ ನನಗೂ ಸೇರಿಸಿ ಕಳಿಸಿದ್ದರು. “ಇಬ್ರದೂ ಕೇಳಿದೆ. ಇಬ್ರೂ ನಾಳೆ ಮತ್ತ ಕಳಸ್ರಿ” ಎಂದರು. ಇಷ್ಟೇ. ಬಸ್ಸಿನ ಗದ್ದಲದಲ್ಲಿ ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡು ಮತ್ತೊಮ್ಮೆ ಕೇಳಿದೆ.

ಆ ವಾರ ಪ್ರೋಗ್ರಾಂ ಬದಲಿಸಿದೆ. ಈಗ ದನಿ ಮೊದಲು ಫೋನಿನಲ್ಲೇ ಉಳಿಯುತ್ತದೆ. ಒಳ್ಳೆಯ ಸಿಗ್ನಲ್ಲು ಸಿಕ್ಕಾಗಲೇ ಫೋನು ಸರ್ವರಿಗೆ ಲಿಂಕ್ ಕೇಳುತ್ತದೆ. ನಡುವೆ ಸಮಯ ಮೀರಿತೋ, ಸರ್ವರು ಯಾರಿಗೂ ಏನೂ ಹೇಳದೆ ಇನ್ನೊಂದು ಲಿಂಕ್ ಕೊಡುತ್ತದೆ. ಬಾಗಿಲು ಹೆಚ್ಚು ಹೊತ್ತು ತೆರೆದಿರುವುದೂ ಇಲ್ಲ, ಮೆಟ್ಟಿಲು ಹತ್ತಿ ಬಂದವರು ತಿರುಗಿ ಹೋಗುವುದೂ ಇಲ್ಲ. ಕ್ಲೌಡಿನ ಮಾತುಗಳು ಜನರವರೆಗೆ ಹೋಗದಂತೆ ಎಲ್ಲವನ್ನೂ ಸರ್ವರಿನಲ್ಲೇ ತಡೆದೆ. ಅದರ ಬದಲು ಏನು ಹೇಳಬೇಕು ಎಂದು ಕೂತು ಬರೆದೆ. ‘ನಿಮ್ಮ ಧ್ವನಿಮುದ್ರಣವು ಯಶಸ್ವಿಯಾಗಿ ರವಾನೆಯಾಗಿದೆ.’ ‘ಸಂಪರ್ಕ ಲಭ್ಯವಿಲ್ಲ, ದಯವಿಟ್ಟು ನಿರೀಕ್ಷಿಸಿ.’ ಓದಲು ಬಾರದವರಿಗಾಗಿ ಅವನ್ನು ಯಾರಾದರೂ ದನಿಯಲ್ಲಿ ಹೇಳಬೇಕು ಎಂದು ಅಕ್ಕ ಹೇಳಿದರು. ಯಾರ ದನಿ ಎಂಬ ಮಾತು ಬಂದಾಗ ಇಬ್ಬರಿಗೂ ಸಿರುಗುಪ್ಪದ ಆ ತಾಯಿಯ ನೆನಪೇ ಆಯಿತು.

ಮಗಳ ಕಿವಿಯಲ್ಲಿ ಮಿಷನ್ ಕೂರಿಸುವ ಅಚ್ಚು ಬದಲಿಸಲು ಅವಳು ಬಳ್ಳಾರಿಯ ಕ್ಲಿನಿಕ್ಕಿಗೆ ಬಂದಿದ್ದಳು. ಬಂದವಳು ಅಕ್ಕನ ಕೈ ಹಿಡಿದುಕೊಂಡು, “ತಪ್ಪು ತಿಳ್ಕೊಂಡಿದ್ವಿ ಅಕ್ಕಾ” ಎಂದಳು. ಅಕ್ಕ, “ನಾನೂ ನಿನ್ನ ತಪ್ಪು ತಿಳ್ಕೊಂಡಿದ್ದೆ. ಹೋಗ್ಲಿ ಬಿಡು” ಎಂದು ಅವಳ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡರು. ನಾನು ಬರೆದ ಸಾಲುಗಳನ್ನು ಅವಳಿಗೆ ಓದಿ ಹೇಳಿದೆವು. ಒಂದೆರಡು ಕೇಳಿದಳು.

“ಹಿಂಗ ಯಾರ್ ಮಾತಾಡ್ತಾರ್ರಿ ಮನ್ಯಾಗ?” ಎಂದಳು.

“ಮತ್ತ ನೀನು ಹೆಂಗಂತಿ, ಹಂಗ ಅನ್ನು” ಎಂದು ಅಕ್ಕ ಮೈಕು ಕೊಟ್ಟರು.

ಅವಳು ಸೆರಗು ಸರಿಮಾಡಿಕೊಂಡು, ಯಾರೋ ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳಿದಳು. “ನೆಟ್ ಸಿಗವಲ್ದು ನೋಡ್ರಿ. ಚಿಂತಿ ಮಾಡಬ್ಯಾಡ್ರಿ, ಕೂಸಿನ ಮಾತು ಫೋನಿನಾಗ ಭದ್ರ ಐತಿ.” ಇನ್ನೊಂದು, “ಅಕ್ಕಾರಿಗೆ ಮುಟ್ಟೈತ್ರಿ. ಇನ್ನ ಊಟ ಮಾಡ್ರಿ.”

ಒಂದಕ್ಷರವನ್ನೂ ಬದಲಿಸದೆ ಹಾಗೇ ಇಟ್ಟೆ. ಕುರುಗೋಡಿನಲ್ಲಿ ಒಬ್ಬ ಅಜ್ಜಿ ದಿನಾ ಆ ದನಿ ಕೇಳಿ ಫೋನಿಗೆ “ಆತವ್ವ, ನಿಂದಾತೇನು ಊಟ?” ಎಂದು ಕೇಳುತ್ತಾಳೆಂದು ಅಕ್ಕ ಹೇಳಿ ನಗುತ್ತಿದ್ದರು. ಅಜ್ಜಿಯನ್ನು ನೋಡುವ ಆಸೆಗೆ ನಾನೂ ಒಮ್ಮೆ ಅವರ ಜೊತೆ ಹೋದೆ.

ಕಲ್ಲುಗುಡ್ಡದ ಬುಡದಲ್ಲಿದ್ದ ಶಾಲೆಯೊಂದರಲ್ಲಿ ಕ್ಯಾಂಪಿಗೆಂದು ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ತಾಯಂದಿರು ಗೋಡೆಗೆ ಒರಗಿ ಕೂತಿದ್ದರು. ಅಜ್ಜಿ ಮೂರು ವರ್ಷದ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಅವನಿಗೆ ಮಿಷನ್ ಹಾಕಿ ತಿಂಗಳುಗಳಾಗಿದ್ದವು. ಸದ್ದಾದರೆ ತಿರುಗಿ ನೋಡುತ್ತಿದ್ದ, ಆದರೆ ಒಂದು ಮಾತೂ ಬಂದಿರಲಿಲ್ಲ. ಅಕ್ಕ ಅವನ ಮುಂದೆ ಗಿಲಕಿ ಆಡಿಸುತ್ತಿದ್ದಾಗ ಫೋನು ಟಿಣ್ ಎಂದಿತು. ಸಿರುಗುಪ್ಪದ ಮನೆಯಿಂದ ಒಂದು ದನಿ ಬಂದಿತ್ತು. ಅಭ್ಯಾಸದ ಹೊತ್ತಲ್ಲವಲ್ಲ ಎಂದು ಅಕ್ಕ ಕಿವಿಗಿಟ್ಟುಕೊಂಡರು. ಅವರ ಹುಬ್ಬು ಮೇಲೇರಿತು. ನನ್ನನ್ನು ಕರೆದು ಕೇಳಿಸಿದರು.

ಅಕ್ಕಿ ಹಾಲು ಏನೂ ಅಲ್ಲ. ತಾಯಿ ಸುಮ್ಮನೆ ಗುಂಡಿ ಒತ್ತಿ ಇಟ್ಟಿದ್ದಳು. ಮಗಳು ಅಪ್ಪನ ಜೊತೆ ಜಗಳಕ್ಕೆ ನಿಂತಿದ್ದಳು. “ನನ್ ಮಿರ್ಚಿ! ನೀ ಯಾಕ ತಿಂದಿ? ನಾ ಇಟ್ಟಿದ್ದೆ! ತುಳ್ಳು ಹೇಳಬ್ಯಾಡ! ಬಾಯಿ ತೆಗಿ! ಅಮ್ಮಾ, ಅಪ್ಪ ತುಳ್ಳು ಹೇಳ್ತಾನ!” ಅಪ್ಪ ತಿಂದಿಲ್ಲ ಎನ್ನುತ್ತ ಮೆಲ್ಲುತ್ತಿದ್ದ ಸದ್ದೂ ಕೇಳುತ್ತಿತ್ತು.

“ಯಾರೂ ಕೇಳಲಿಲ್ಲ, ಯಾರೂ ಹೇಳಿಕೊಡಲಿಲ್ಲ, ತಾನ ಮಾತಾಡ್ಯಾಳ ನೋಡು” ಎಂದರು ಅಕ್ಕ. ಕಣ್ಣು ಒದ್ದೆಯಾಗಿತ್ತು. “‘ಸ’ ಯಾವಾಗ ಬೇಕಾದ್ರೂ ಬರ್ಲಿ. ಜಗಳ ಬಂತಲ್ಲ!”

ಸುತ್ತಲಿನ ತಾಯಂದಿರು ಏನು ಏನು ಎಂದರು. ಆ ದನಿ ಆ ಮನೆಯವರದು, ಅವರನ್ನು ಕೇಳದೆ ಕೇಳಿಸುವ ಹಾಗಿಲ್ಲ. ಅಕ್ಕ ಸಿರುಗುಪ್ಪಕ್ಕೆ ಫೋನ್ ಮಾಡಿ ಕೇಳಿದರು. “ಕೇಳಸ್ರಿ ಕೇಳಸ್ರಿ, ಎಂಥಾ ಜಗಳಗಂಟಿ ಐತಿ ಅಂತ ಎಲ್ಲಾರಿಗೂ ಗೊತ್ತಾಗ್ಲಿ!” ಎಂದು ಹುಡುಗಿಯ ತಾಯಿ ಹೇಳಿದ್ದು ನಮಗೆಲ್ಲ ಕೇಳಿಸಿತು.

ನಾನು ಸರ್ವರಿನಿಂದ ಆ ಒಂದು ಫೈಲಿಗೆ ಒಂದು ಲಿಂಕ್ ತೆಗೆದು ಕ್ಯಾಂಪಿನ ದೊಡ್ಡ ಸ್ಪೀಕರಿಗೆ ಜೋಡಿಸಿದೆ. ಕೋಣೆಯ ತುಂಬ ಆ ಹುಡುಗಿಯ ಜಗಳ ತುಂಬಿಕೊಂಡಿತು. ತಾಯಂದಿರು ಬಾಯಿಗೆ ಸೆರಗು ಹಿಡಿದು ನಕ್ಕರು. ಒಬ್ಬಾಕೆ ಮತ್ತೊಮ್ಮೆ ಹಾಕಿಸಿದಳು. ಅಜ್ಜಿ ಮಾತ್ರ ನಗಲಿಲ್ಲ. ಮೊಮ್ಮಗನ ಕಿವಿಯ ಮಿಷನ್ನನ್ನು ಬೆರಳಿನಿಂದ ಸರಿಯಾಗಿ ಕೂರಿಸಿ, ಅಕ್ಕನ ಕಡೆ ಬಗ್ಗಿದಳು.

“ಈಕಿಗೂ ಮೊದ್ಲು ಏನೂ ಬರ್ತಿದ್ದಿಲ್ಲೇನವ್ವ?”

“ಏನೂ ಬರ್ತಿದ್ದಿಲ್ಲಮ್ಮ. ಹಿಂಗ, ನಿನ್ನ ಮೊಮ್ಮಗನಂಗ ಕುಂತಿರ್ತಿದ್ಲು.”

“ಇವನೂ ಹಿಂಗ ಬೈತಾನೇನು, ಒಂದಿನ?”

“ಬೈತಾನ.”

ಅಜ್ಜಿ ಮೊಮ್ಮಗನ ತಲೆಯ ಮೇಲೆ ಗದ್ದ ಊರಿದಳು.

“ಬೈಲಿ” ಎಂದಳು. “ಮೊದ್ಲು ನನಗ ಬೈಲಿ.”